ಉದ್ಯೋಗಸ್ಥಳದ ಕಿರುಕುಳ: ಪ್ರಶ್ನಾವಳಿಯಿಂದ ಅಳೆಯುವ ಬಗೆ

ಶಾಲೆಯು ಮಕ್ಕಳಿಗೆ ವಿದ್ಯಾಮಂದಿರವಾದರೆ ಶಿಕ್ಷಕರಿಗೆ ಅದೇ ಉದ್ಯೋಗಸ್ಥಳ. ತರಗತಿಯಲ್ಲಿ ಒಬ್ಬ ವಿದ್ಯಾರ್ಥಿಯನ್ನು ಉಳಿದವರು ಸತತವಾಗಿ ಪೀಡಿಸಿದರೆ ಅದನ್ನು ಗುರುತಿಸುವುದು ಶಿಕ್ಷಕರ ಕರ್ತವ್ಯವೆಂದು ಎಲ್ಲರೂ ಒಪ್ಪುತ್ತಾರೆ. ಅದೇ ಬಗೆಯ ವರ್ತನೆ ಶಿಕ್ಷಕರ ಕೊಠಡಿಯಲ್ಲಿ, ಸಭೆಯಲ್ಲಿ ಅಥವಾ ಕಚೇರಿಯಲ್ಲಿ ನಡೆದಾಗ ಅದಕ್ಕೆ ಹೆಸರಿಡುವುದೇ ಕಷ್ಟವಾಗುತ್ತದೆ. 'ಸ್ವಭಾವವೇ ಹಾಗೆ', 'ಆಡಳಿತವೆಂದರೆ ಹಾಗೆಯೇ' ಎಂಬ ಮಾತುಗಳಲ್ಲಿ ಅದು ಮರೆಯಾಗುತ್ತದೆ. ಹೆಸರಿಲ್ಲದ ನೋವನ್ನು ಎಣಿಸುವುದು ಸಾಧ್ಯವಿಲ್ಲ. ಎಣಿಕೆಗೆ ಸಿಗದ ನೋವಿಗೆ ಪರಿಹಾರವನ್ನು ಯೋಜಿಸುವುದೂ ಸಾಧ್ಯವಿಲ್ಲ. ಆದುದರಿಂದಲೇ ಕಳೆದ ಕೆಲವು ದಶಕಗಳಲ್ಲಿ ಉದ್ಯೋಗಸ್ಥಳದ ಕಿರುಕುಳವನ್ನು ಅಳೆಯುವ ಪ್ರಶ್ನಾವಳಿಗಳು ರೂಪುಗೊಂಡಿವೆ. ಅವುಗಳ ರಚನೆ, ಬಳಕೆ ಮತ್ತು ಮಿತಿಗಳನ್ನು ಇಲ್ಲಿ ಪರಿಶೀಲಿಸಲಾಗಿದೆ.

ಅಳತೆಗೆ ಮೊದಲು ಅರ್ಥನಿರೂಪಣೆ

ಯಾವುದನ್ನು ಅಳೆಯಬೇಕೆಂಬುದು ಸ್ಪಷ್ಟವಾಗದೆ ಅಳತೆಗೋಲು ಸಿದ್ಧವಾಗದು. ಸಂಶೋಧಕರು ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅರ್ಥನಿರೂಪಣೆಯಲ್ಲಿ ನಾಲ್ಕು ಅಂಶಗಳಿವೆ. ಮೊದಲನೆಯದು, ನಕಾರಾತ್ಮಕ ವರ್ತನೆ: ಅವಮಾನ, ಬಹಿಷ್ಕಾರ, ಕೆಲಸಕ್ಕೆ ಅಡ್ಡಿ ಮುಂತಾದವು. ಎರಡನೆಯದು, ಆವರ್ತನೆ: ಅದು ಮತ್ತೆ ಮತ್ತೆ ನಡೆಯುತ್ತಿರಬೇಕು. ಮೂರನೆಯದು, ಅವಧಿ: ತಿಂಗಳುಗಟ್ಟಲೆ ಮುಂದುವರಿದಿರಬೇಕು. ನಾಲ್ಕನೆಯದು, ಬಲದ ಅಸಮತೆ: ಗುರಿಯಾದವರು ತಮ್ಮನ್ನು ರಕ್ಷಿಸಿಕೊಳ್ಳಲು ಅಸಮರ್ಥರಾಗಿರಬೇಕು.

ಹೀಗಾಗಿ ಒಮ್ಮೆ ನಡೆದ ಕಟುವಾದ ವಾಗ್ವಾದವು ಈ ಅರ್ಥದಲ್ಲಿ ಕಿರುಕುಳವಲ್ಲ. ಸಮಬಲರಾದ ಇಬ್ಬರ ನಡುವಣ ವೈಮನಸ್ಯವೂ ಅಲ್ಲ. ಪಾಠಟಿಪ್ಪಣಿ ಬರೆದಿಲ್ಲವೇಕೆಂದು ಮುಖ್ಯೋಪಾಧ್ಯಾಯರು ಕೇಳುವುದು ಅವರ ಕರ್ತವ್ಯ. ಆದರೆ ಒಂದೇ ಹಳೆಯ ತಪ್ಪನ್ನು ಎಲ್ಲರೆದುರು ವಾರವಾರವೂ ಎತ್ತಿ ಆಡುವುದು ಬೇರೆಯೇ ಸಂಗತಿ. 'ಅಸಮಬಲ' ಎಂದರೆ ಹುದ್ದೆಯ ಅಂತರ ಮಾತ್ರವಲ್ಲ. ಸಂಖ್ಯೆ, ಸೇವಾಹಿರಿತನ, ಕಾಯಂ ನೇಮಕಾತಿ, ಆಡಳಿತಭಾಷೆಯ ಪರಿಚಯ ಇವೆಲ್ಲವೂ ಬಲದ ಮೂಲಗಳೇ.

ಶಾಲೆಯ ಅಂಗಳದಿಂದ ಕಾರ್ಖಾನೆಗೆ

ಈ ಅಧ್ಯಯನದ ಬೇರು ಶಾಲೆಯಲ್ಲಿಯೇ ಇದೆಯೆಂಬುದು ಶಿಕ್ಷಕರಿಗೆ ಕುತೂಹಲಕರವಾಗಬಹುದು. ಸ್ವೀಡನ್ನಿನ ವೈದ್ಯ ಪೀಟರ್ ಪೌಲ್ ಹೈನೆಮನ್ ಅವರು ಮಕ್ಕಳ ಗುಂಪೊಂದು ಒಬ್ಬನ ಮೇಲೆ ಎರಗುವುದನ್ನು 'ಮಾಬಿಂಗ್' ಎಂಬ ಪದದಿಂದ ಗುರುತಿಸಿ, 1972ರಲ್ಲಿ ಅದರ ಕುರಿತು ಪುಸ್ತಕ ಪ್ರಕಟಿಸಿದರು. ನಾರ್ವೆಯಲ್ಲಿ 1982ರಲ್ಲಿ ಮೂವರು ಬಾಲಕರು ಆತ್ಮಹತ್ಯೆ ಮಾಡಿಕೊಂಡಾಗ, ಸಹಪಾಠಿಗಳ ಪೀಡನೆಯೇ ಅದಕ್ಕೆ ಕಾರಣವಾಗಿರಬಹುದೆಂಬ ವಿಷಯ ಇಡೀ ದೇಶವನ್ನು ಕಲಕಿತು. ಮರುವರ್ಷವೇ ರಾಷ್ಟ್ರವ್ಯಾಪಿ ಅಭಿಯಾನ ಆರಂಭವಾಯಿತು. ಅದಕ್ಕಾಗಿ ಬೆರ್ಗೆನ್ ನಗರದ ಮನೋವಿಜ್ಞಾನಿ ಡಾನ್ ಓಲ್ವೇಯಸ್ ಅವರು ವಿದ್ಯಾರ್ಥಿಗಳಿಗೆಂದು ರಚಿಸಿದ ಪ್ರಶ್ನಾವಳಿಯು ಮುಂದೆ ಅನೇಕ ದೇಶಗಳಲ್ಲಿ ಬಳಕೆಗೆ ಬಂದಿತು.

ವಯಸ್ಕರ ಲೋಕಕ್ಕೆ ಈ ವಿಚಾರವನ್ನು ತಂದವರು ಜರ್ಮನಿಯಲ್ಲಿ ಜನಿಸಿ ಸ್ವೀಡನ್ನಿನಲ್ಲಿ ಕೆಲಸ ಮಾಡಿದ ಹೈಂಜ್ ಲೈಮನ್. ಅವರು ಸಿದ್ಧಪಡಿಸಿದ ಪಟ್ಟಿಯಲ್ಲಿ 45 ಬಗೆಯ ವರ್ತನೆಗಳಿದ್ದವು. ಮಾತಿಗೆ ಅವಕಾಶ ನೀಡದಿರುವುದು, ಸಾಮಾಜಿಕ ಸಂಪರ್ಕವನ್ನು ಕಡಿಯುವುದು, ಹೆಸರಿಗೆ ಕಳಂಕ ತರುವುದು, ಕೆಲಸದ ಸ್ಥಾನವನ್ನು ಕುಗ್ಗಿಸುವುದು, ಆರೋಗ್ಯಕ್ಕೆ ಧಕ್ಕೆ ತರುವುದು ಎಂದು ಅವುಗಳನ್ನು ಐದು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಇವುಗಳಲ್ಲಿ ಯಾವುದಾದರೊಂದು ವಾರಕ್ಕೊಮ್ಮೆಯಾದರೂ, ಕನಿಷ್ಠ ಆರು ತಿಂಗಳ ಕಾಲ ನಡೆದಿದ್ದರೆ ಆ ವ್ಯಕ್ತಿಯು ಕಿರುಕುಳಕ್ಕೆ ಗುರಿಯಾಗಿದ್ದಾನೆಂದು ಲೈಮನ್ ಪರಿಗಣಿಸಿದರು. ಈ ಅಳತೆಯಂತೆ ಸ್ವೀಡನ್ನಿನ ದುಡಿಯುವ ಜನರಲ್ಲಿ ಶೇಕಡಾ 3.5ರಷ್ಟು ಮಂದಿ ಗುರಿಯಾಗಿದ್ದರು. ಅವರ ಅಧ್ಯಯನಗಳ ಹಿನ್ನೆಲೆಯಲ್ಲಿ ಸ್ವೀಡನ್ 1993ರಲ್ಲಿ ಉದ್ಯೋಗಸ್ಥಳದ ಪೀಡನೆಯ ವಿರುದ್ಧ ಪ್ರತ್ಯೇಕ ನಿಯಮಾವಳಿಯನ್ನೇ ರೂಪಿಸಿತು.

ಕೇಳುವ ಎರಡು ಬಗೆಗಳು

ಕಿರುಕುಳದ ಬಗ್ಗೆ ಕೇಳಲು ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದು ನೇರವಾಗಿ ಕೇಳುವುದು: 'ಕಳೆದ ಆರು ತಿಂಗಳಲ್ಲಿ ನೀವು ಕೆಲಸದ ಸ್ಥಳದಲ್ಲಿ ಕಿರುಕುಳಕ್ಕೆ ಒಳಗಾಗಿದ್ದೀರಾ?' ಇದನ್ನು ಸ್ವಗುರುತಿನ ವಿಧಾನ ಎನ್ನಬಹುದು. ಪ್ರಶ್ನೆಗೆ ಮೊದಲು ಅರ್ಥನಿರೂಪಣೆಯನ್ನು ಓದಲು ಕೊಡುವುದುಂಟು, ಕೊಡದಿರುವುದೂ ಉಂಟು. ಎರಡನೆಯದು 'ಕಿರುಕುಳ' ಎಂಬ ಪದವನ್ನೇ ಎತ್ತದೆ, ನಿರ್ದಿಷ್ಟ ವರ್ತನೆಗಳನ್ನು ಒಂದೊಂದಾಗಿ ಹೆಸರಿಸಿ, ಪ್ರತಿಯೊಂದೂ ಎಷ್ಟು ಸಲ ಅನುಭವಕ್ಕೆ ಬಂದಿದೆಯೆಂದು ಕೇಳುವುದು. ಇದನ್ನು ವರ್ತನಾನುಭವದ ವಿಧಾನ ಎನ್ನಬಹುದು.

ಎರಡಕ್ಕೂ ಗುಣದೋಷಗಳಿವೆ. ನೇರ ಪ್ರಶ್ನೆಯು ವ್ಯಕ್ತಿಯ ಸ್ವಂತ ಅರಿವನ್ನು ಗೌರವಿಸುತ್ತದೆ. ಆದರೆ ತಾನು ಪೀಡಿತನೆಂದು ಒಪ್ಪಿಕೊಳ್ಳಲು ಸಂಕೋಚಪಡುವವರು 'ಇಲ್ಲ' ಎಂದೇ ಬರೆಯಬಹುದು. ವರ್ತನೆಗಳ ಪಟ್ಟಿಯು ಆ ಸಂಕೋಚವನ್ನು ತಪ್ಪಿಸುತ್ತದೆ. ಆದರೆ ವರ್ತನೆಯ ಹಿಂದಿನ ಸಂದರ್ಭವನ್ನಾಗಲಿ ಬಲದ ಅಸಮತೆಯನ್ನಾಗಲಿ ಅದು ಕಾಣಲಾರದು. ಈ ಕಾರಣದಿಂದ ಉತ್ತಮ ಸಮೀಕ್ಷೆಗಳು ಎರಡನ್ನೂ ಬಳಸುತ್ತವೆ. ಮೊದಲು ವರ್ತನೆಗಳ ಪಟ್ಟಿ, ಕೊನೆಯಲ್ಲಿ ನೇರ ಪ್ರಶ್ನೆ ಎಂಬ ಕ್ರಮಕ್ಕೂ ಕಾರಣವಿದೆ. ನೇರ ಪ್ರಶ್ನೆಯನ್ನು ಮೊದಲೇ ಇಟ್ಟರೆ ಮುಂದಿನ ಎಲ್ಲ ಉತ್ತರಗಳಿಗೂ ಅದರ ಛಾಯೆ ತಗಲುತ್ತದೆ.

ಇಪ್ಪತ್ತೆರಡು ಪ್ರಶ್ನೆಗಳ ಮಾಪಕ

ಈ ಕ್ಷೇತ್ರದಲ್ಲಿ ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು ನಕಾರಾತ್ಮಕ ವರ್ತನೆಗಳ ಪ್ರಶ್ನಾವಳಿ. ಬೆರ್ಗೆನ್ ವಿಶ್ವವಿದ್ಯಾಲಯದ ಸ್ಟೋಲೆ ಐನಾರ್ಸೆನ್ ಮತ್ತು ಅವರ ಸಂಗಡಿಗರು ಇದನ್ನು ರೂಪಿಸಿದರು. ಇದರ ಆರಂಭಿಕ ರೂಪವನ್ನು ನಾರ್ವೆಯ ಸಾಗರ ಯಂತ್ರೋದ್ಯಮದ ಪುರುಷ ಕಾರ್ಮಿಕರ ನಡುವೆ ಬಳಸಿದ ಅಧ್ಯಯನವು 1997ರಲ್ಲಿ ಪ್ರಕಟವಾಯಿತು. ಪರಿಷ್ಕೃತ ರೂಪವನ್ನು ಬ್ರಿಟನ್ನಿನ 5,288 ಉದ್ಯೋಗಿಗಳ ಉತ್ತರಗಳ ಆಧಾರದಿಂದ ಐನಾರ್ಸೆನ್, ಹೋಲ್ ಮತ್ತು ನೋಟೆಲಾರ್ಸ್ 2009ರಲ್ಲಿ ಪರೀಕ್ಷಿಸಿದರು.

ಪರಿಷ್ಕೃತ ಪ್ರಶ್ನಾವಳಿಯಲ್ಲಿ 22 ಅಂಶಗಳಿದ್ದು, ಅವು ಮೂರು ವರ್ಗಗಳಿಗೆ ಸೇರುತ್ತವೆ. ಕೆಲಸಕ್ಕೆ ಸಂಬಂಧಿಸಿದವು: ಕೆಲಸಕ್ಕೆ ಅಗತ್ಯವಾದ ಮಾಹಿತಿಯನ್ನು ತಡೆಹಿಡಿಯುವುದು, ಅಸಾಧ್ಯವಾದ ಗಡುವು ವಿಧಿಸುವುದು, ಅತಿಯಾದ ನಿಗಾ, ಹಕ್ಕಿನ ರಜೆಯನ್ನು ಕೇಳದಂತೆ ಒತ್ತಡ ಹೇರುವುದು. ವ್ಯಕ್ತಿಗೆ ಸಂಬಂಧಿಸಿದವು: ಗಾಳಿಮಾತು ಹಬ್ಬಿಸುವುದು, ಗುಂಪಿನಿಂದ ದೂರವಿಡುವುದು, ಹೀಯಾಳಿಸುವುದು, ಕೆಲಸ ಬಿಡುವುದೇ ಒಳಿತೆಂದು ಸೂಚಿಸುವುದು. ದೈಹಿಕ ಬೆದರಿಕೆಗೆ ಸಂಬಂಧಿಸಿದವು: ಕೂಗಾಡುವುದು, ದಾರಿಗೆ ಅಡ್ಡ ನಿಲ್ಲುವುದು, ಹಿಂಸೆಯ ಬೆದರಿಕೆ. ಪ್ರತಿ ಅಂಶಕ್ಕೂ ಕಳೆದ ಆರು ತಿಂಗಳ ಅನುಭವವನ್ನು ಐದು ಹಂತಗಳಲ್ಲಿ ಗುರುತಿಸಬೇಕು. 'ಎಂದೂ ಇಲ್ಲ' ಎಂಬುದಕ್ಕೆ 1, 'ಆಗೊಮ್ಮೆ ಈಗೊಮ್ಮೆ' ಎಂಬುದಕ್ಕೆ 2, 'ತಿಂಗಳಿಗೊಮ್ಮೆ'ಗೆ 3, 'ವಾರಕ್ಕೊಮ್ಮೆ'ಗೆ 4, 'ದಿನವೂ' ಎಂಬುದಕ್ಕೆ 5 ಅಂಕ. ಆದ್ದರಿಂದ ಒಟ್ಟು ಅಂಕವು 22ರಿಂದ 110ರವರೆಗೆ ಇರಬಹುದು.

ಶಿಕ್ಷಣ ಮಾಪನದಲ್ಲಿ ಪರಿಚಿತವಾದ ವಿಶ್ವಸನೀಯತೆ ಮತ್ತು ಸಪ್ರಮಾಣತೆ ಎಂಬ ಎರಡು ಪರೀಕ್ಷೆಗಳು ಇಲ್ಲಿಯೂ ಅನ್ವಯಿಸುತ್ತವೆ. ಎಲ್ಲ ಅಂಶಗಳೂ ಒಂದೇ ಸಂಗತಿಯನ್ನು ಸೂಚಿಸುತ್ತಿವೆಯೇ ಎಂಬ ಆಂತರಿಕ ಸುಸಂಗತತೆಯನ್ನು ಬ್ರಿಟನ್ನಿನ ಅಧ್ಯಯನದಲ್ಲಿ ಲೆಕ್ಕ ಹಾಕಿದಾಗ ಆಲ್ಫಾ ಗುಣಾಂಕವು 0.90 ಬಂದಿತು; ಗರಿಷ್ಠ ಮೌಲ್ಯ 1. ಇದು ಉತ್ತಮ ವಿಶ್ವಸನೀಯತೆ. ಆದರೆ ಉತ್ತರಗಳು ಪರಸ್ಪರ ಹೊಂದಿಕೊಂಡ ಮಾತ್ರಕ್ಕೆ ಅಳೆದದ್ದು ಕಿರುಕುಳವೇ ಎಂದಾಗುವುದಿಲ್ಲ. ಸ್ವಗುರುತಿನ ಉತ್ತರ, ಮಾನಸಿಕ ಆರೋಗ್ಯ, ಕೆಲಸ ತೊರೆಯುವ ಇಚ್ಛೆ ಮುಂತಾದವುಗಳೊಡನೆ ಅಂಕಗಳು ಹೇಗೆ ಹೊಂದುತ್ತವೆಯೆಂದು ನೋಡಿಯೇ ಸಪ್ರಮಾಣತೆಯನ್ನು ನಿರ್ಣಯಿಸಬೇಕು.

ಗೆರೆಯನ್ನು ಎಲ್ಲಿ ಎಳೆಯಬೇಕು?

ಅಂಕ ಬಂದ ಮೇಲೆ ಉಳಿಯುವ ಪ್ರಶ್ನೆಯೆಂದರೆ, ಎಷ್ಟು ಅಂಕ ಬಂದವರನ್ನು ಕಿರುಕುಳಕ್ಕೆ ಗುರಿಯಾದವರೆನ್ನಬೇಕು? ನೋಟೆಲಾರ್ಸ್ ಮತ್ತು ಐನಾರ್ಸೆನ್ 2013ರಲ್ಲಿ ಎರಡು ಗಡಿಅಂಕಗಳನ್ನು ಸೂಚಿಸಿದರು. 33ಕ್ಕಿಂತ ಕಡಿಮೆ ಇರುವವರು ಕಿರುಕುಳಕ್ಕೆ ಒಳಗಾಗದವರು. 33ರಿಂದ 44ರವರೆಗೆ ಅಪಾಯದ ಅಂಚಿನಲ್ಲಿರುವವರು. 45 ಅಥವಾ ಹೆಚ್ಚು ಇರುವವರು ಗುರಿಯಾದವರು. ಲೈಮನ್ ಅವರ ನಿಯಮವು ಇದಕ್ಕಿಂತ ಭಿನ್ನ: ವಾರಕ್ಕೊಮ್ಮೆ ಒಂದು ವರ್ತನೆ ಸಾಕು. ಅದು ತೀರ ಸಡಿಲವೆಂದು ಭಾವಿಸಿದ ಮಿಕೆಲ್ಸನ್ ಮತ್ತು ಐನಾರ್ಸೆನ್ 2001ರ ಡೆನ್ಮಾರ್ಕ್ ಅಧ್ಯಯನದಲ್ಲಿ ವಾರಕ್ಕೆ ಎರಡು ವರ್ತನೆಗಳ ನಿಯಮವನ್ನು ಸೂಚಿಸಿದರು.

ಈ ನಿಯಮಗಳ ಅಂತರವನ್ನು ಮೂರು ಕಲ್ಪಿತ ಉತ್ತರಪತ್ರಿಕೆಗಳಿಂದ ತಿಳಿಯಬಹುದು.

ಮೊದಲನೆಯ ಶಿಕ್ಷಕಿಯನ್ನು ಸಹೋದ್ಯೋಗಿಗಳು ದಿನವೂ ಗುಂಪಿನಿಂದ ಹೊರಗಿಡುತ್ತಾರೆ. ದಿನವೂ ಅವರ ಕೆಲಸವನ್ನು ಹೀಯಾಳಿಸುತ್ತಾರೆ. ಉಳಿದ 20 ಅಂಶಗಳಿಗೆ ಅವರ ಉತ್ತರ 'ಎಂದೂ ಇಲ್ಲ'. ಎರಡು ಅಂಶಗಳಿಗೆ ತಲಾ 5ರಂತೆ 10, ಉಳಿದವಕ್ಕೆ 20, ಒಟ್ಟು 30. ಲೈಮನ್ ನಿಯಮದಂತೆ ಇವರು ಗುರಿಯಾದವರು. ಗಡಿಅಂಕದಂತೆ ಇವರು ಅಪಾಯದ ಅಂಚಿಗೂ ಬರುವುದಿಲ್ಲ.

ಎರಡನೆಯ ಶಿಕ್ಷಕರು 22 ಅಂಶಗಳಲ್ಲಿ ಪ್ರತಿಯೊಂದಕ್ಕೂ 'ಆಗೊಮ್ಮೆ ಈಗೊಮ್ಮೆ' ಎಂದು ಗುರುತಿಸಿದ್ದಾರೆ. ಒಟ್ಟು 44, ಒಂದೇ ಅಂಶ 'ತಿಂಗಳಿಗೊಮ್ಮೆ' ಆಗಿದ್ದರೆ 45. ವಾರಕ್ಕೊಮ್ಮೆ ನಡೆದದ್ದು ಯಾವುದೂ ಇಲ್ಲದಿರುವುದರಿಂದ ಲೈಮನ್ ನಿಯಮದಂತೆ ಇವರು ಗುರಿಯಾದವರಲ್ಲ. ಗಡಿಅಂಕದಂತೆ ಇವರು ಗುರಿಯಾದವರ ಹೊಸ್ತಿಲಲ್ಲಿ ನಿಂತಿದ್ದಾರೆ.

ಮೂರನೆಯ ಶಿಕ್ಷಕರು ಎರಡು ಹುದ್ದೆಗಳು ಖಾಲಿಯಿರುವ ಶಾಲೆಯಲ್ಲಿ ಚುನಾವಣಾ ಕೆಲಸವನ್ನೂ ಹೊತ್ತವರು. 'ನಿಭಾಯಿಸಲಾಗದ ಕೆಲಸದ ಹೊರೆ' ಎಂಬ ಅಂಶಕ್ಕೆ ಮಾತ್ರ 'ವಾರಕ್ಕೊಮ್ಮೆ' ಎಂದಿದ್ದಾರೆ. ಒಟ್ಟು 25. ಲೈಮನ್ ನಿಯಮವನ್ನು ಯಾಂತ್ರಿಕವಾಗಿ ಅನ್ವಯಿಸಿದರೆ ಇವರೂ ಕಿರುಕುಳಕ್ಕೆ ಗುರಿಯಾದವರೇ ಆಗುತ್ತಾರೆ. ವಾಸ್ತವವಾಗಿ ಇವರನ್ನು ಯಾರೂ ಪೀಡಿಸುತ್ತಿಲ್ಲ. ಖಾಲಿ ಹುದ್ದೆಗಳು ಪೀಡಿಸುತ್ತಿವೆ.

ಯಾವ ಗೆರೆಯೂ ಸಹಜಸಿದ್ಧವಲ್ಲವೆಂಬುದು ಇದರಿಂದ ಸ್ಪಷ್ಟ. ಉತ್ತೀರ್ಣತೆಗೆ 35 ಅಂಕವೆಂಬ ಗೆರೆಯ ಎರಡು ಬದಿಗಳಲ್ಲಿರುವ 34 ಮತ್ತು 35ರ ವಿದ್ಯಾರ್ಥಿಗಳ ನಡುವೆ ಕಲಿಕೆಯ ಅಂತರ ಎಷ್ಟೆಂಬುದನ್ನು ಶಿಕ್ಷಕರು ಬಲ್ಲರು. ಇಲ್ಲಿನ ಗೆರೆಯೂ ಅದೇ ಬಗೆಯದು. ಮೊತ್ತವನ್ನಷ್ಟೇ ನೋಡದೆ ಯಾವ ಅಂಶಗಳಿಗೆ ಯಾವ ಉತ್ತರ ಬಂದಿದೆಯೆಂಬುದನ್ನೂ ಓದಬೇಕು.

ಒಂದೇ ಸಂಗತಿ, ಮೂರು ಸಂಖ್ಯೆಗಳು

ಕೇಳುವ ಬಗೆಯಿಂದಲೇ ಫಲಿತಾಂಶ ಬದಲಾಗುತ್ತದೆಂಬುದನ್ನು ನೀಲ್ಸೆನ್, ಮಾಥೀಸೆನ್ ಮತ್ತು ಐನಾರ್ಸೆನ್ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ತೋರಿಸಿತು. ಅವರು 86 ಸಮೂಹಗಳ 1,30,973 ಉದ್ಯೋಗಿಗಳ ಉತ್ತರಗಳನ್ನು ಒಟ್ಟುಗೂಡಿಸಿದರು. ಅರ್ಥನಿರೂಪಣೆಯನ್ನು ಕೊಟ್ಟು ನೇರವಾಗಿ ಕೇಳಿದ ಅಧ್ಯಯನಗಳಲ್ಲಿ ಕಿರುಕುಳಕ್ಕೆ ಒಳಗಾದವರ ಪ್ರಮಾಣ ಶೇಕಡಾ 11.3; ವರ್ತನೆಗಳ ಪಟ್ಟಿಯನ್ನು ಬಳಸಿದವುಗಳಲ್ಲಿ ಶೇಕಡಾ 14.8ರ ಆಸುಪಾಸು, ಅರ್ಥನಿರೂಪಣೆಯಿಲ್ಲದೆ ನೇರವಾಗಿ ಕೇಳಿದವುಗಳಲ್ಲಿ ಶೇಕಡಾ 18.1. 'ಐವರಲ್ಲಿ ಒಬ್ಬರು' ಎಂಬ ಶೀರ್ಷಿಕೆಯನ್ನೋ 'ಒಂಬತ್ತರಲ್ಲಿ ಒಬ್ಬರು' ಎಂಬ ಶೀರ್ಷಿಕೆಯನ್ನೋ ಪತ್ರಿಕೆಯಲ್ಲಿ ಕಂಡವರು ಮೊದಲು ಕೇಳಬೇಕಾದುದು, ಪ್ರಶ್ನೆಯನ್ನು ಹೇಗೆ ಕೇಳಲಾಗಿತ್ತು ಎಂಬುದನ್ನು. ಎರಡು ಬೇರೆ ವಿಧಾನಗಳ ಸಂಖ್ಯೆಗಳನ್ನು ಹೋಲಿಸಿ ಒಂದು ಜಿಲ್ಲೆ ಇನ್ನೊಂದಕ್ಕಿಂತ ಮೇಲು ಎನ್ನುವುದು ಅಡಿಯಲ್ಲಿ ಅಳೆದುದನ್ನು ಮೀಟರಿನಲ್ಲಿ ಅಳೆದುದರೊಡನೆ ಹೋಲಿಸಿದಂತೆ.

ಕನ್ನಡದಲ್ಲಿ ಕೇಳುವಾಗ

ಭಾಷಾ ಅಲ್ಪಸಂಖ್ಯಾತ ಶಾಲೆಗಳ ಶಿಕ್ಷಕರಿಗೆ ಈ ಭಾಗವು ವಿಶೇಷವಾಗಿ ಸಲ್ಲುತ್ತದೆ. ನಾರ್ವೆ ಮತ್ತು ಬ್ರಿಟನ್ನಿನಲ್ಲಿ ಬೆಳೆದ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದೆಂದರೆ ಪದಕ್ಕೆ ಪದ ಇಡುವುದಲ್ಲ.

'ಕಿರುಕುಳ' ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಪತ್ರಿಕೆಗಳಲ್ಲಿ ಅದು ಬಹುತೇಕ 'ವರದಕ್ಷಿಣೆ ಕಿರುಕುಳ', 'ಲೈಂಗಿಕ ಕಿರುಕುಳ' ಎಂಬ ಜೋಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. 'ನಿಮಗೆ ಕಿರುಕುಳವಾಗಿದೆಯೇ?' ಎಂದು ನೇರವಾಗಿ ಕೇಳಿದರೆ, ಪ್ರಶ್ನೆ ಯಾವುದನ್ನು ಕುರಿತದ್ದೆಂದು ಉತ್ತರಿಸುವವರು ತಪ್ಪು ತಿಳಿಯುವ ಸಾಧ್ಯತೆಯಿದೆ. ಅತಿಯಾದ ತಮಾಷೆಗೆ ಗುರಿಯಾಗುವುದನ್ನು 'ಚುಡಾಯಿಸುವುದು' ಎಂದು ಅನುವಾದಿಸಿದರೆ ಅರ್ಥವು ಬೇರೆಡೆಗೇ ಜಾರುತ್ತದೆ. ಆಡುಮಾತಿನಲ್ಲಿಯೂ ಭೇದಗಳಿವೆ. ಕಾಸರಗೋಡಿನವರಿಗೆ 'ಉಪದ್ರ' ಎಂಬುದು ಸಹಜವಾದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದವರಿಗೆ 'ತ್ರಾಸ' ಎಂಬುದೇ ಸಹಜ. ಅರ್ಥನಿರೂಪಣೆಯನ್ನು ಮೊದಲು ಕೊಡುವುದರ ಪ್ರಯೋಜನ ಇಂತಹ ಕಡೆ ಎದ್ದು ಕಾಣುತ್ತದೆ.

ಇನ್ನು ಮೂಲದಲ್ಲಿಲ್ಲದ ಆದರೆ ಕನ್ನಡದಲ್ಲಿ ಮುಖ್ಯವಾದ ವರ್ತನೆಗಳೂ ಉಂಟು. ಬಹುವಚನದಿಂದ ಮಾತನಾಡಿಸಬೇಕಾದವರನ್ನು ಎಲ್ಲರೆದುರು ಬೇಕೆಂದೇ ಏಕವಚನದಲ್ಲಿ ಕರೆಯುವುದು ಕನ್ನಡಿಗರಿಗೆ ಸ್ಪಷ್ಟವಾದ ಅವಮಾನ. ಒಂದೇ 'ಯೂ' ಇರುವ ಇಂಗ್ಲಿಷಿನ ಪ್ರಶ್ನಾವಳಿಯಲ್ಲಿ ಅದಕ್ಕೆ ಪ್ರತ್ಯೇಕ ಪ್ರಶ್ನೆ ಹುಟ್ಟುವ ಸಂದರ್ಭವೇ ಇಲ್ಲ. ಭಾರತದಲ್ಲಿ ಉದ್ಯೋಗಸ್ಥಳದ ಕಿರುಕುಳವನ್ನು ದೀರ್ಘಕಾಲ ಅಧ್ಯಯನ ಮಾಡಿರುವ ಅಹಮದಾಬಾದಿನ ಪ್ರೇಮಿಲಾ ಡಿಕ್ರೂಜ್ ಅವರು ಪ್ರಶ್ನಾವಳಿಗಿಂತ ಹೆಚ್ಚಾಗಿ ವಿಸ್ತಾರವಾದ ಸಂದರ್ಶನಗಳನ್ನು ಅವಲಂಬಿಸಿದ್ದಾರೆ. ಸ್ಥಳೀಯ ಅನುಭವವನ್ನು ಮೊದಲು ಕೇಳಿಸಿಕೊಂಡು ಅನಂತರ ಪ್ರಶ್ನೆ ರಚಿಸುವುದು ಯೋಗ್ಯವೆಂಬುದಕ್ಕೆ ಆ ಮಾರ್ಗವು ನಿದರ್ಶನವಾಗಬಲ್ಲದು.

ಅನುವಾದದ ಸಾಮಾನ್ಯ ಕ್ರಮದಲ್ಲಿ ಮೂರು ಹೆಜ್ಜೆಗಳಿವೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ಮರಳಿ ಅನುವಾದಿಸುತ್ತಾರೆ. ಅರ್ಥ ವ್ಯತ್ಯಾಸವಾದಲ್ಲಿ ತಿದ್ದಲಾಗುತ್ತದೆ. ಬಳಿಕ ಕೆಲವರಿಂದ ಓದಿಸಿ, ಪ್ರತಿ ಪ್ರಶ್ನೆಯನ್ನು ಅವರು ಹೇಗೆ ಅರ್ಥಮಾಡಿಕೊಂಡರೆಂದು ಅವರ ಮಾತಿನಲ್ಲಿಯೇ ಹೇಳಿಸಬೇಕು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಭೆಯ ಸೂಚನೆಗಳು ರಾಜ್ಯಭಾಷೆಯಲ್ಲಿ ಮಾತ್ರ ಬಂದು, ಕನ್ನಡ ಶಿಕ್ಷಕರೊಬ್ಬರು ಅದನ್ನು ಓದಲಾರದೆ ಮಾಹಿತಿಯಿಂದ ವಂಚಿತರಾದರೆನ್ನಿ. 'ಅಗತ್ಯ ಮಾಹಿತಿಯನ್ನು ತಡೆಹಿಡಿಯಲಾಗಿದೆ' ಎಂಬ ಅಂಶಕ್ಕೆ ಅವರು 'ವಾರಕ್ಕೊಮ್ಮೆ' ಎಂದು ಗುರುತಿಸಬಹುದು. ಅನುಭವವೇನೋ ನಿಜ. ಆದರೆ ಯಾರೋ ಒಬ್ಬರು ಅವರನ್ನು ಗುರಿಮಾಡಿದ್ದಾರೆಯೇ, ಇಲ್ಲವೇ ಇಡೀ ವ್ಯವಸ್ಥೆಯೇ ಹಾಗಿದೆಯೇ ಎಂಬುದನ್ನು ಅಂಕವು ಹೇಳದು. ಸಹೋದ್ಯೋಗಿಯೊಬ್ಬರು ಅನುವಾದಿಸಿ ಹೇಳಬಲ್ಲವರಾಗಿದ್ದೂ ಬೇಕೆಂದೇ ಹೇಳದಿದ್ದರೆ ಅದು ಒಂದು. ಕಚೇರಿಯಲ್ಲಿ ಕನ್ನಡದ ವ್ಯವಸ್ಥೆಯೇ ಇಲ್ಲದಿದ್ದರೆ ಅದು ಮತ್ತೊಂದು. ಎರಡನೆಯದು ಭಾಷಾ ಅಲ್ಪಸಂಖ್ಯಾತರ ಸಂರಕ್ಷಣೆಯ ಪ್ರಶ್ನೆ. ಅಂತಹ ವಿಷಯಗಳನ್ನು ಪರಿಶೀಲಿಸಲೆಂದೇ 1956ರ ಏಳನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 350-ಬಿ ವಿಧಿಯು ವಿಶೇಷ ಅಧಿಕಾರಿಯನ್ನು ಕಲ್ಪಿಸಿದೆ. ಎರಡನ್ನೂ ಒಂದೇ ಅಂಕದಲ್ಲಿ ಬೆರೆಸಿದರೆ ಸಹೋದ್ಯೋಗಿಯ ಮೇಲೆ ಅನ್ಯಾಯವಾದ ಆರೋಪ ಬರುತ್ತದೆ. ವ್ಯವಸ್ಥೆಯ ಲೋಪವೂ ಸರಿಹೋಗದೆ ಉಳಿಯುತ್ತದೆ. ಆದ್ದರಿಂದ ಇಂತಹ ಅಂಶದ ಜೊತೆಗೆ 'ಇದು ನಿಮಗೊಬ್ಬರಿಗೇ ಆಗುತ್ತಿದೆಯೇ, ಎಲ್ಲರಿಗೂ ಆಗುತ್ತಿದೆಯೇ?' ಎಂಬ ಪೂರಕ ಪ್ರಶ್ನೆ ಇರುವುದು ಒಳ್ಳೆಯದು.

ಸಣ್ಣ ಶಾಲೆ ಮತ್ತು ಗೋಪ್ಯತೆ

ಪ್ರಶ್ನಾವಳಿಗೆ ಸತ್ಯವಾದ ಉತ್ತರ ಬರಬೇಕಾದರೆ ಉತ್ತರಿಸಿದವರು ಯಾರೆಂದು ತಿಳಿಯಬಾರದು. ಹೆಸರನ್ನು ಬಿಟ್ಟ ಮಾತ್ರಕ್ಕೆ ಗೋಪ್ಯತೆ ಸಿದ್ಧಿಸುವುದಿಲ್ಲ. ಐವರು ಶಿಕ್ಷಕರಿರುವ ಶಾಲೆಯಲ್ಲಿ ಲಿಂಗ, ವಯಸ್ಸು, ಬೋಧನಾ ವಿಷಯ ಈ ಮೂರನ್ನು ಕೇಳಿದರೆ ಉತ್ತರಪತ್ರಿಕೆ ಯಾರದೆಂದು ತಕ್ಷಣ ಗೊತ್ತಾಗುತ್ತದೆ. ಕನ್ನಡ ವಿಭಾಗದಲ್ಲಿ ಒಬ್ಬರೇ ಇದ್ದರೆ 'ಮಾಧ್ಯಮ: ಕನ್ನಡ' ಎಂಬ ಒಂದು ಗುರುತೇ ಸಾಕು. ತುಂಬಿದ ಹಾಳೆಗಳನ್ನು ಮುಖ್ಯೋಪಾಧ್ಯಾಯರೇ ಸಂಗ್ರಹಿಸಿದರಂತೂ ಬಂದ ಉತ್ತರಗಳಿಗೆ ಬೆಲೆಯಿಲ್ಲ. ಸಣ್ಣ ಶಾಲೆಗಳಲ್ಲಿ ಶಾಲಾವಾರು ಫಲಿತಾಂಶ ನೀಡದೆ ಅನೇಕ ಶಾಲೆಗಳನ್ನು ಸೇರಿಸಿ ಒಟ್ಟು ಫಲಿತಾಂಶ ಮಾತ್ರ ನೀಡುವುದು, ಹಾಳೆಗಳನ್ನು ಮುಚ್ಚಿದ ಲಕೋಟೆಯಲ್ಲಿ ಹೊರಗಿನವರೇ ಸ್ವೀಕರಿಸುವುದು, ಅನಗತ್ಯವಾದ ವೈಯಕ್ತಿಕ ವಿವರಗಳನ್ನು ಕೇಳದಿರುವುದು, ಇವು ಕನಿಷ್ಠ ಎಚ್ಚರಿಕೆಗಳು. ಉತ್ತರಿಸದಿರುವ ಸ್ವಾತಂತ್ರ್ಯವೂ ಇರಬೇಕು.

ಪ್ರಶ್ನಾವಳಿಯು ಹೇಳಲಾರದ ಸಂಗತಿಗಳು

ಪ್ರಶ್ನಾವಳಿಯು ಒಂದು ಸಮೂಹದ ಸ್ಥಿತಿಯನ್ನು ತಿಳಿಸುವ ಸಾಧನ. ಒಬ್ಬರ ದೂರನ್ನು ತೀರ್ಮಾನಿಸುವ ನ್ಯಾಯಾಲಯವಲ್ಲ. ಯಾರು ಮಾಡಿದರು, ಏಕೆ ಮಾಡಿದರು ಎಂಬುದಕ್ಕೆ ಅದರಲ್ಲಿ ಸಾಕ್ಷ್ಯವಿಲ್ಲ. 45 ಅಂಕ ಬಂದಿತೆಂದು ಯಾರನ್ನೂ ಶಿಕ್ಷಿಸಲಾಗದು. 30 ಬಂದಿತೆಂದು ಯಾರ ದೂರನ್ನೂ ತಳ್ಳಿಹಾಕಲಾಗದು. ಇದಲ್ಲದೆ, ತಾಳಲಾರದೆ ಕೆಲಸ ಬಿಟ್ಟವರು, ವರ್ಗಾವಣೆ ಪಡೆದವರು, ದೀರ್ಘ ರಜೆಯಲ್ಲಿರುವವರು ಸಮೀಕ್ಷೆಯ ದಿನ ಶಾಲೆಯಲ್ಲಿ ಇರುವುದಿಲ್ಲ. ಆದ್ದರಿಂದ ಅತ್ಯಂತ ಹೆಚ್ಚು ನೊಂದವರೇ ಲೆಕ್ಕದಿಂದ ತಪ್ಪಿಹೋಗುವ ಸಂಭವವಿದೆ.

ವೈಯಕ್ತಿಕ ದೂರಿಗೆ ಬೇರೆ ಮಾರ್ಗಗಳಿವೆ. ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದಂತೆ 2013ರ ಕಾಯಿದೆಯು ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿಯನ್ನು ಕಡ್ಡಾಯಗೊಳಿಸಿದೆ. ಅದಕ್ಕಿಂತ ಕಡಿಮೆ ಸಿಬ್ಬಂದಿಯಿರುವ ಶಾಲೆಗಳ ಮಹಿಳೆಯರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಸಲ್ಲಿಸಬಹುದು. ಇತರ ಬಗೆಯ ಪೀಡನೆಗೆ ಸೇವಾನಿಯಮಗಳು ಮತ್ತು ಇಲಾಖೆಯ ಕುಂದುಕೊರತೆ ವ್ಯವಸ್ಥೆಯೇ ಆಧಾರ. ಅಲ್ಲಿ ಬೇಕಾಗುವುದು ಅಂಕವಲ್ಲ. ದಿನಾಂಕ, ಸ್ಥಳ, ಆಡಿದ ಮಾತು, ಹಾಜರಿದ್ದವರು ಇವುಗಳ ದಾಖಲೆ. ವರ್ತನೆಗಳ ಪಟ್ಟಿಯು ನೊಂದವರಿಗೆ ಇನ್ನೊಂದು ರೀತಿಯಲ್ಲಿ ನೆರವಾಗಬಹುದು: ತಮಗಾದುದಕ್ಕೆ ಹೆಸರಿದೆ, ಅದು ಬೇರೆಯವರಿಗೂ ಆಗಿದೆ ಎಂಬ ಅರಿವನ್ನು ಅದು ಮೂಡಿಸುತ್ತದೆ.

ಶಿಕ್ಷಕರ ಗಮನಕ್ಕೆ

1. ಸಮೀಕ್ಷೆಯ ಹಾಳೆ ಕೈಗೆ ಬಂದಾಗ, ಅದನ್ನು ಯಾರು ಓದುತ್ತಾರೆ, ಫಲಿತಾಂಶವನ್ನು ಯಾವ ಮಟ್ಟದಲ್ಲಿ ಪ್ರಕಟಿಸುತ್ತಾರೆ ಎಂಬುದನ್ನು ಮೊದಲು ಕೇಳಿ ತಿಳಿಯಬೇಕು.

2. ಅವಧಿಯನ್ನು ಗಮನಿಸಬೇಕು. 'ಕಳೆದ ಆರು ತಿಂಗಳು' ಎಂದಿದ್ದರೆ ಅದಕ್ಕಿಂತ ಹಿಂದಿನ ಕಹಿಯನ್ನು ಸೇರಿಸಬಾರದು. ಆರು ತಿಂಗಳೊಳಗಿನದನ್ನು ಬಿಡಬಾರದು.

3. ಪ್ರಶ್ನೆಯ ಕನ್ನಡ ಅಸ್ಪಷ್ಟವಾಗಿದ್ದರೆ ಊಹಿಸಿ ಉತ್ತರಿಸುವ ಬದಲು ಅಸ್ಪಷ್ಟತೆಯನ್ನು ಅಂಚಿನಲ್ಲಿ ಬರೆಯಬೇಕು. ಅದು ಅನುವಾದಕರಿಗೆ ಉಪಕಾರ.

4. ಸಮೀಕ್ಷೆ ನಡೆಸುವ ಸಂಘ ಅಥವಾ ಇಲಾಖೆಯು ವರ್ತನೆಗಳ ಪಟ್ಟಿ ಮತ್ತು ಅರ್ಥನಿರೂಪಣೆಯೊಡನೆ ನೇರ ಪ್ರಶ್ನೆ, ಇವೆರಡನ್ನೂ ಬಳಸಬೇಕು. ವರದಿಯಲ್ಲಿ ಯಾವ ನಿಯಮದಿಂದ ಎಣಿಸಲಾಯಿತೆಂದು ತಿಳಿಸಬೇಕು.

5. ವ್ಯವಸ್ಥೆಯಿಂದ ಬರುವ ಕಷ್ಟವನ್ನೂ ವ್ಯಕ್ತಿಯಿಂದ ಬರುವ ಪೀಡನೆಯನ್ನೂ ಬೇರ್ಪಡಿಸುವ ಪ್ರಶ್ನೆಗಳಿರಬೇಕು.

6. ಫಲಿತಾಂಶ ಬಂದ ಮೇಲೆ ಕ್ರಮ ಕೈಗೊಳ್ಳುವ ಸಿದ್ಧತೆಯಿಲ್ಲದೆ ಸಮೀಕ್ಷೆಯನ್ನು ಆರಂಭಿಸಬಾರದು. ನೋವನ್ನು ಕೇಳಿ ಸುಮ್ಮನಾಗುವುದು, ಕೇಳದೆ ಇರುವುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಬಲ್ಲದು.